ಸ್ಲೀವೋ, ಬೈಪಾಸೋ? ರೇಟ್ ಕೇಳುವ ಮುಂಚೆ ಎದಿ ಉರಿ ನೋಡ್ರಿ

ತೂಕ ಇಳಿಸುವ ಆಪರೇಷನ್ ಅಂದ್ರೆ ಆಳಂದ, ಅಫಜಲಪುರ, ಜೇವರ್ಗಿ ಕಡೆ ಜನ ಮೊದಲು ಕೇಳೋದು ಎರಡೇ: ಎಷ್ಟು ಕೆ.ಜಿ. ಇಳೀತದ? ಎಷ್ಟು ರೊಕ್ಕ ಹತ್ತತದ? ಅಫಜಲಪುರದ ನಮ್ಮಕ್ಕನೂ ಫೋನ್ ಮಾಡಿ ಅದನ್ನೇ ಕೇಳಿದಳು. "ಸೊಲ್ಲಾಪುರದಾಗ ಸ್ಲೀವ್ ಅಂತಾರ, ಹೈದರಾಬಾದಿನಾಗ ಬೈಪಾಸ್ ಅಂತಾರ. ಯಾವ್ದು ಛಲೋ, ನೀನೇ ಹೇಳೋ ತಮ್ಮಾ."

"ಅಕ್ಕಾ, ರೇಟ್ ಆಮ್ಯಾಲೆ. ನಿನಗ ಎದಿ ಉರಿ ಅದನೋ ಇಲ್ಲೋ, ಮೊದಲು ಅದು ಹೇಳು" ಅಂದೆ. ಆಯ್ಕೆಯ ಅರ್ಧ ಉತ್ತರ ಅಲ್ಲೇ ಇರುತ್ತದೆ.

ಸ್ಲೀವ್‌ನಲ್ಲಿ ಜಠರದ ಶೇ. 75ರಿಂದ 80ರಷ್ಟು ಭಾಗ ಕತ್ತರಿಸಿ ತೆಗೆಯುತ್ತಾರೆ. ಉಳಿಯೋದು ಬಾಳೆಹಣ್ಣಿನಂಥ ಕೊಳವೆ. ತೆಗೆದದ್ದು ವಾಪಸ್ ಬರಲ್ಲ. ಕರುಳಿಗೆ ಕೈ ಹಾಕದ ಕಾರಣ ಬೈಪಾಸ್‌ಗಿಂತ ಸರಳ. ಆದರೆ ಆ ಸಣ್ಣ ಕೊಳವೆಯಲ್ಲಿ ಒತ್ತಡ ಜಾಸ್ತಿ. ಇದ್ದ ಎದೆಯುರಿ ಹೆಚ್ಚಾಗಬಹುದು, ಇಲ್ಲದವರಿಗೆ ಹೊಸದಾಗಿ ಶುರುವಾಗಬಹುದು.

ಬೈಪಾಸ್‌ನಲ್ಲಿ ಸುಮಾರು 30 ಮಿ.ಲೀ. ಹಿಡಿಸುವ ಪುಟ್ಟ ಚೀಲ ಮಾಡಿ, ಸಣ್ಣ ಕರುಳನ್ನು ನೇರ ಅದಕ್ಕೆ ಜೋಡಿಸುತ್ತಾರೆ. ಎದೆಯುರಿ ಸಾಮಾನ್ಯವಾಗಿ ತಗ್ಗುತ್ತದೆ. ಶುಗರ್ ಹತೋಟಿಗೆ ಬರುವ ಸಾಧ್ಯತೆಯೂ ಹೆಚ್ಚು, ಕೆಲವರಿಗೆ ತೂಕಕ್ಕಿಂತ ಮೊದಲೇ ಶುಗರ್ ಇಳಿಯುತ್ತದೆ. ಅಕ್ಕನಿಗೆ ಎರಡೂ ತೊಂದರೆ ಇತ್ತು. ಎಂಡೋಸ್ಕೋಪಿಯಲ್ಲಿ ಅನ್ನನಾಳದ ಗಾಯ ಕಂಡಮೇಲೆ ಸರ್ಜನ್ ಬೈಪಾಸ್ ಅಂದರು. ಎಂಡೋಸ್ಕೋಪಿ ಇಲ್ಲದೆ ಸ್ಲೀವ್‌ಗೆ ಡೇಟ್ ಕೊಡೋರ ಹತ್ತಿರ ನಾನಂತೂ ಹೋಗಲ್ಲ.

ಬೈಪಾಸ್ ಆದವರು ಕಬ್ಬಿಣ, ಬಿ12, ಕ್ಯಾಲ್ಸಿಯಂ, ವಿಟಮಿನ್ ಡಿ ಗುಳಿಗೆಗಳನ್ನು ಜೀವನಪೂರ್ತಿ ನುಂಗಬೇಕು, ರಕ್ತ ಪರೀಕ್ಷೆ ತಪ್ಪಿಸಬಾರದು. ಸ್ಲೀವ್‌ಗೂ ವಿಟಮಿನ್ ಬೇಕು, ಬೈಪಾಸ್‌ಗೆ ಇನ್ನೂ ಹೆಚ್ಚು. ಮೊಣಕಾಲು ನೋವಿಗೆ ಮೆಡಿಕಲ್ ಶಾಪ್‌ನಲ್ಲಿ ತಗೊಳ್ಳೋ ಐಬುಪ್ರೊಫೆನ್, ಡೈಕ್ಲೊಫೆನಾಕ್ ಬಂದ್. ಬೀಡಿ, ಸಿಗರೇಟೂ ಬಂದ್. ಜೋಡಿಸಿದ ಜಾಗದಲ್ಲಿ ಹುಣ್ಣಾಗುತ್ತದೆ. ಶೇಂಗಾ ಹೋಳಿಗೆ, ಹುಗ್ಗಿ ಜಾಸ್ತಿಯಾದರೆ ಎದೆ ಢವಢವ, ಬೆವರು, ತಲೆ ಸುತ್ತು, ಭೇದಿ. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕು. ಇಲ್ಲಿ ನಮ್ಮ ಕಲಬುರಗಿ ತೊಗರಿ ನೆರವಿಗೆ ಬರುತ್ತದೆ, ಆದರೆ ತಿಳಿ ಸಾರಲ್ಲ, ಗಟ್ಟಿ ಬ್ಯಾಳಿ. ಜೊತೆಗೆ ಮೊಸರು, ತತ್ತಿ. ರೊಟ್ಟಿ ಆಮೇಲೆ. "ರೊಟ್ಟಿ ಬಿಟ್ಟು ಊಟ ಏನ್ ಊಟನೋ" ಅಂತ ಅಕ್ಕನ ದುಃಖ ಬ್ಯಾರೇನೇ ಅದ.

ಹೊಸದಾಗಿ ಮದುವೆಯಾದವರು ಇನ್ನೊಂದು ಗಮನಿಸಿ: ಯಾವ ಆಪರೇಷನ್ ಆದರೂ ನಂತರ 12ರಿಂದ 18 ತಿಂಗಳು ಗರ್ಭಧಾರಣೆ ಮುಂದೂಡಲು ಡಾಕ್ಟರ್ ಹೇಳುತ್ತಾರೆ.

ಲೈಪೋಸಕ್ಷನ್ ಈ ಪಟ್ಟಿಯಲ್ಲೇ ಇಲ್ಲ. ಅದು ಚರ್ಮದ ಕೆಳಗಿನ ಕೊಬ್ಬು ತೆಗೆದು ಆಕಾರ ಕೊಡುವ ಪ್ಲಾಸ್ಟಿಕ್ ಸರ್ಜರಿ. ಬೊಜ್ಜಿನ ಕಾಯಿಲೆಗೆ ಮದ್ದಲ್ಲ. ಸಣ್ಣ ಕೆಲಸವೂ ಅಲ್ಲ. ಕಿರುತೆರೆ ನಟಿ ಚೇತನಾ ರಾಜ್ 2022ರ ಮೇನಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಸರ್ಜರಿಯ ನಂತರ ತೀರಿಕೊಂಡಾಗ ಅವರಿಗೆ 21 ವರ್ಷ.

ಇನ್ನು ಇನ್ಶೂರೆನ್ಸ್. 2022ರ ಅಂತರರಾಷ್ಟ್ರೀಯ ಮಾರ್ಗಸೂಚಿ ಪ್ರಕಾರ ಏಷ್ಯಾದವರಿಗೆ ಬಿಎಂಐ 27.5 ದಾಟಿದರೆ ಆಪರೇಷನ್ ಯೋಚಿಸಬಹುದು. ನಮ್ಮ ಪಾಲಿಸಿಗಳ ಸಾಮಾನ್ಯ ಷರತ್ತು ಬೇರೆ: ಬಿಎಂಐ 40, ಇಲ್ಲವೇ 35ರ ಜೊತೆಗೆ ಹತೋಟಿಗೆ ಬಾರದ ಶುಗರ್, ಹೃದಯದ ಕಾಯಿಲೆಯಂಥ ಗಂಭೀರ ತೊಂದರೆ. ಅಂದ್ರೆ 160 ಸೆಂ.ಮೀ. ಎತ್ತರದವರು ಶುಗರ್ ಇದ್ದು 90 ಕೆ.ಜಿ. ಇದ್ದರೆ ಕ್ಲೇಮ್ ಆಗಬಹುದು; 85 ಇದ್ದರೆ ಡಾಕ್ಟರ್ ಹೂಂ ಅಂದರೂ ಕಂಪನಿ ಒಲ್ಲೆ ಅನ್ನಬಹುದು. ಡಯಟ್, ಔಷಧಿ ಮಾಡಿಯೂ ತೂಕ ಇಳಿದಿಲ್ಲ ಅನ್ನೋದಕ್ಕೆ ದಾಖಲೆ ಕೇಳುತ್ತಾರೆ. ಚೀಟಿ ಎಸೀಬ್ಯಾಡ್ರಿ.

ತಾಲ್ಲೂಕಿನಲ್ಲಿರೋರಿಗೆ ದೂರದ್ದೇ ಚಿಂತೆ. ರಕ್ತ ಊರಲ್ಲೇ ಕೊಟ್ಟು ರಿಪೋರ್ಟ್ ಕಳಿಸಬಹುದು. ಆದರೆ ಬೈಪಾಸ್ ಆಗಿ ವರ್ಷಗಳ ನಂತರವೂ ಒಳಗೆ ಕರುಳು ಸಿಕ್ಕಿಕೊಳ್ಳುವ ಅಪಾಯವಿದೆ. ತಡೆಯಲಾರದ ಹೊಟ್ಟೆನೋವು ಬಂದರೆ ಗ್ಯಾಸ್ ಅಂತ ಮಲಗಬಾರದು, ಅದೇ ರಾತ್ರಿ ಸ್ಕ್ಯಾನ್ ಮತ್ತು ಸರ್ಜನ್ ಇರುವ ಆಸ್ಪತ್ರೆಗೆ ಹೊರಡಬೇಕು. ಅಲ್ಲಿಯ ಡಾಕ್ಟರಿಗೆ ಮೊದಲು ಹೇಳಬೇಕಾದ್ದು "ನನಗ ಬೈಪಾಸ್ ಆಗೇದ್ರಿ" ಅಂತ. ಡಿಸ್ಚಾರ್ಜ್ ಚೀಟಿಯ ಫೋಟೊ ಅಕ್ಕನ ಫೋನಿನಲ್ಲೂ ಭಾವನ ಫೋನಿನಲ್ಲೂ ಇರಲಿ ಅಂದಿದ್ದೇನೆ.