ತೃಪ್ತಿಯ ಅಂಕ, ಕಲಿಕೆಯ ಅಂಕ

ಹಳೇಬೀಡಿನಿಂದ ಬೇಲೂರಿಗೆ ಸುಮಾರು 16 ಕಿ.ಮೀ. ಹಳೇಬೀಡಿನಿಂದಲೂ ಅರೇಹಳ್ಳಿ, ಬಿಕ್ಕೋಡು ಕಡೆಯ ಕಾಫಿ ಸೀಮೆಯಿಂದಲೂ ಬಸ್ಸು ಹತ್ತಿ ಬೇಲೂರಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿಗೆ ಬರುವ ಮಕ್ಕಳನ್ನು ‘ಕಾಲೇಜು ತೃಪ್ತಿ ತಂದಿದೆಯೇ?’ ಎಂದು ಕೇಳಿದರೆ, ಅವರು ಪಾಠದ ಮಾತೆತ್ತುವ ಮೊದಲು ಬಸ್ಸಿನ ಮಾತೆತ್ತಿದರೂ ತಪ್ಪಿಲ್ಲ.

ಕಾಲೇಜುಗಳ ಗುಣಮಟ್ಟ ಅಳೆಯುವ ಬೆಂಗಳೂರಿನ ನ್ಯಾಕ್ ಸಂಸ್ಥೆ 2017ರಲ್ಲಿ ವಿದ್ಯಾರ್ಥಿ ತೃಪ್ತಿ ಸಮೀಕ್ಷೆಯನ್ನು ತನ್ನ ಮೌಲ್ಯಮಾಪನಕ್ಕೆ ಸೇರಿಸಿತು. ಪಠ್ಯ ಎಷ್ಟು ಮುಗಿಯಿತು, ಮೇಷ್ಟ್ರು ತಯಾರಿ ಮಾಡಿಕೊಂಡು ಬರುತ್ತಾರೆಯೇ, ಆಂತರಿಕ ಅಂಕದಲ್ಲಿ ನ್ಯಾಯವಿದೆಯೇ ಎಂಬಂಥ 20 ಪ್ರಶ್ನೆಗಳು. ಪ್ರತಿಯೊಂದಕ್ಕೂ 0ಯಿಂದ 4ರವರೆಗೆ ಅಂಕ. ಕೊನೆಗೆ ಸಲಹೆ ಬರೆಯಲು ಜಾಗ. ಬಸ್ಸಿನ ಕಷ್ಟ ಹೇಳಿಕೊಳ್ಳಲು ಇರುವುದು ಅದೊಂದೇ ಜಾಗ.

ಕಾಲೇಜೊಂದರಲ್ಲಿ ಶೇ. 10ರಷ್ಟು ಅಥವಾ 100 ವಿದ್ಯಾರ್ಥಿಗಳು, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಮಂದಿ ಉತ್ತರಿಸಿದರೆ ಸಾಕೆಂಬುದು ನಿಯಮ. ಒಂದು ಅಗುಳು ಹಿಚುಕಿ ಅನ್ನ ಬೆಂದಿದೆ ಎನ್ನಬಹುದು, ಪಾತ್ರೆಯ ತುಂಬ ಶಾಖ ಸಮನಾಗಿದ್ದರೆ. ಇಲ್ಲಿ ಉತ್ತರಿಸುವವರು ಈಮೇಲ್ ನೋಡುವವರು, ಮನಸ್ಸು ಮಾಡಿದವರು. ಓದು ಬಿಟ್ಟು ತೋಟದ ಕೆಲಸಕ್ಕೆ ಹೋದ ಹುಡುಗಿ ಪಟ್ಟಿಯಲ್ಲೇ ಇಲ್ಲ. ಅವಳ ಅತೃಪ್ತಿಯೇ ಎಲ್ಲಕ್ಕಿಂತ ದೊಡ್ಡದಿರಬಹುದು.

ಇನ್ನೂ ಆಳದ ತೊಡಕೊಂದಿದೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತವಿಜ್ಞಾನ ತರಗತಿಗಳಲ್ಲಿ ನಡೆದ ಪ್ರಯೋಗವೊಂದು 2019ರಲ್ಲಿ ಪ್ರಕಟವಾಯಿತು. ಒಂದೇ ಪಾಠವನ್ನು ಒಂದು ಗುಂಪು ಸೊಗಸಾದ ಉಪನ್ಯಾಸವಾಗಿ ಕೇಳಿತು. ಇನ್ನೊಂದು ಗುಂಪು ಜೊತೆಗೂಡಿ ಲೆಕ್ಕ ಬಿಡಿಸುತ್ತ ಕಲಿಯಿತು. ತಾವು ಚೆನ್ನಾಗಿ ಕಲಿತೆವು ಎಂದವರು ಉಪನ್ಯಾಸ ಕೇಳಿದವರು. ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದವರು ತಿಣುಕಾಡಿದವರು! ಸರಾಗವಾಗಿ ಕಿವಿಗೆ ಬಿದ್ದದ್ದು ಅರ್ಥವಾದಂತೆ ತೋರುತ್ತದೆ. ತಲೆಗೆ ಶ್ರಮವಾದಾಗ ಕಲಿಯುತ್ತಿಲ್ಲವೆಂಬ ಅನುಮಾನ ಹುಟ್ಟುತ್ತದೆ. ಇದನ್ನು ಮೊದಲೇ ವಿದ್ಯಾರ್ಥಿಗಳಿಗೆ ವಿವರಿಸಿದಾಗ ಆ ಅನುಮಾನ ತಗ್ಗಿತು.

ಹಾಗೆಂದು ಕಷ್ಟವೆಲ್ಲ ಒಳ್ಳೆಯದಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಇಂಗ್ಲಿಷ್ ಪಠ್ಯದೆದುರು ಒದ್ದಾಡುವುದು ಲೆಕ್ಕ ಬಿಡಿಸುವ ಶ್ರಮವಲ್ಲ. ಅದು ಕಲಿಕೆಗೆ ಅಡ್ಡ ನಿಂತ ಗೋಡೆ. ತೃಪ್ತಿಯ ಅಂಕ ಎರಡೂ ಕಡೆ ಒಂದೇ ರೀತಿ ಇಳಿದೀತು. ಆದ್ದರಿಂದ ಸಮೀಕ್ಷೆಯ ಜೊತೆಗೆ ಪಾಠದ ಮೊದಲೊಂದು, ನಂತರವೊಂದು ಹತ್ತು ನಿಮಿಷದ ಕಿರುಪರೀಕ್ಷೆ ನಡೆಯಬೇಕು, ಪ್ರಶ್ನೆಗಳು ಕನ್ನಡದಲ್ಲೂ ಇರಬೇಕು. ತೃಪ್ತಿ ತಗ್ಗಿ ಅಂಕ ಏರಿದ್ದರೆ ಮೇಷ್ಟ್ರನ್ನು ಬೆಂಬಲಿಸಬೇಕು. ಎರಡೂ ತಗ್ಗಿದ್ದರೆ ಆ ತರಗತಿಗೆ ತಡಮಾಡದೆ ನೆರವು ಹೋಗಬೇಕು.