ಒಂದಕ್ಕೆ ಎರಡು, ಮೂರು ಕೂಗು: ಅನ್ನದ ಸುತ್ತಲಿನ ತಪ್ಪು ಕಲ್ಪನೆಗಳು

ಅಡುಗೆ ಕಲಿಯಲು ಹೊರಟವರಿಗೆ ಸಿಗುವ ಮೊದಲ ಪಾಠ ಇಷ್ಟೇ: ಒಂದು ಲೋಟ ಅಕ್ಕಿಗೆ ಎರಡು ಲೋಟ ನೀರು, ಮೂರು ಕೂಗು ಕೂಗಿದ ಮೇಲೆ ಒಲೆ ಆರಿಸು. ಹೇಳಿದವರ ಮನೆಯ ಮಟ್ಟಿಗೆ ಅದು ಸರಿಯೇ. ಅವರ ಅಕ್ಕಿ, ಅವರ ಕುಕ್ಕರ್, ಅವರ ಉರಿಗೆ ಹೊಂದಿಕೊಂಡ ಲೆಕ್ಕವದು. ಅದನ್ನೇ ಬೇರೆ ಮನೆಗೆ ಹೊತ್ತು ತಂದರೆ ಒಂದು ದಿನ ಮುದ್ದೆ, ಮರುದಿನ ಅರೆಬೆಂದ ಅನ್ನ. ಆಮೇಲೆ ಬೈಗುಳವೆಲ್ಲ ಅಂಗಡಿಯವನಿಗೆ.

ತಪ್ಪು ಕಲ್ಪನೆ: ಅಕ್ಕಿ ಯಾವುದಾದರೇನು, ಎಷ್ಟಾದರೇನು, ಒಂದಕ್ಕೆ ಎರಡು ನೀರು

ಪಾತ್ರೆಗೆ ಸುರಿದ ನೀರಿನಲ್ಲಿ ಒಂದು ಪಾಲನ್ನು ಅಕ್ಕಿ ಕುಡಿಯುತ್ತದೆ, ಇನ್ನೊಂದು ಪಾಲು ಆವಿಯಾಗಿ ಹೋಗುತ್ತದೆ. ಅಕ್ಕಿ ಹೆಚ್ಚಿದಂತೆ ಅದು ಕುಡಿಯುವ ನೀರೂ ಹೆಚ್ಚುತ್ತದೆ. ಆವಿಯ ಪಾಲು ಹಾಗಲ್ಲ. ಪಾತ್ರೆಯ ಬಾಯಿ ಎಷ್ಟು ಅಗಲ, ಮುಚ್ಚಳ ಎಷ್ಟು ಬಿಗಿ, ಎಷ್ಟು ಹೊತ್ತು ಕುದಿಯಿತು ಎಂಬುದೇ ಅದನ್ನು ನಿರ್ಧರಿಸುತ್ತದೆ. ಒಂದು ಲೋಟ ಅಕ್ಕಿಗೆ ಹಾಕಿದ ಎರಡು ಲೋಟ ನೀರಿನಲ್ಲಿ ಅರ್ಧ ಲೋಟ ಆವಿಯಾಯಿತು ಅಂದುಕೊಳ್ಳಿ. ಅದೇ ಪಾತ್ರೆಯಲ್ಲಿ ನಾಲ್ಕು ಲೋಟ ಅಕ್ಕಿ ಬೇಯಿಸಿದರೆ ಎರಡು ಲೋಟ ನೀರೇನೂ ಆವಿಯಾಗುವುದಿಲ್ಲ, ಅರ್ಧಕ್ಕಿಂತ ತುಸು ಹೆಚ್ಚು ಹೋದೀತು. ಆರೂವರೆ ಏಳು ಲೋಟ ಸಾಕಿದ್ದ ಕಡೆ ಎಂಟು ಲೋಟ ಸುರಿದಿರುತ್ತೇವೆ. ನೆಂಟರು ಬಂದ ದಿನವೇ ಅನ್ನ ಮುದ್ದೆಯಾಗುವುದು ಇದಕ್ಕೇ. ಮದುವೆ ಮನೆಯ ಅಡುಗೆಯವರು ಈ ಗೊಡವೆಗೇ ಹೋಗದೆ, ಧಾರಾಳವಾಗಿ ಎಸರಿಟ್ಟು, ಅಗುಳು ಬೆಂದೊಡನೆ ಬಸಿದುಬಿಡುತ್ತಾರೆ.

ಕುಕ್ಕರಿನೊಳಗೆ ಪಾತ್ರೆಯಿಟ್ಟು ಬೇಯಿಸಿದಾಗ ಆವಿಯಾಗುವುದು ಹೆಚ್ಚಾಗಿ ತಳದ ನೀರು. ಪಾತ್ರೆಯ ನೀರೆಲ್ಲ ಅಕ್ಕಿಗೇ ಹೋಗುತ್ತದೆ.

ಇನ್ನು ಅಕ್ಕಿಯ ವಯಸ್ಸು. ಕೊಯ್ಲಾಗಿ ವರ್ಷ ಕಳೆದ ಅಕ್ಕಿ ಗಟ್ಟಿಯಾಗಿರುತ್ತದೆ, ಹೆಚ್ಚು ನೀರು ಕುಡಿದು ಹೆಚ್ಚು ಅರಳುತ್ತದೆ, ಉದುರುದುರಾಗಿ ನಿಲ್ಲುತ್ತದೆ. ಹೊಸ ಅಕ್ಕಿಗೆ ಅಷ್ಟೇ ನೀರು ಹಾಕಿದರೆ ಅಂಟಿಕೊಳ್ಳುತ್ತದೆ. ಸಂಕ್ರಾಂತಿಯ ಹುಗ್ಗಿಗೆ ಹೊಸ ಅಕ್ಕಿ ಒಪ್ಪುವುದೂ, ಚಿತ್ರಾನ್ನಕ್ಕೆ ಒಪ್ಪದಿರುವುದೂ ಇದೇ ಗುಣದಿಂದ. ತಳಿಯದ್ದೂ ಪಾತ್ರವಿದೆ. ಅಕ್ಕಿಯ ಪಿಷ್ಟದಲ್ಲಿ ಅಮೈಲೋಸ್, ಅಮೈಲೋಪೆಕ್ಟಿನ್ ಎಂಬ ಎರಡು ಬಗೆ. ಅಮೈಲೋಸ್ ಹೆಚ್ಚಿದ್ದರೆ ಅಗುಳು ಬಿಡಿಬಿಡಿ, ಕಡಿಮೆಯಿದ್ದರೆ ಅಂಟು. ಹಾಗಾಗಿ ಹೊಸ ಮೂಟೆ ಬಿಚ್ಚಿದಾಗ ಮೊದಲು ಒಂದು ಲೋಟ ಬೇಯಿಸಿ ನೋಡಿ ನೀರು ನಿಗದಿ ಮಾಡುವುದೇ ಜಾಣತನ.

ಬೆರಳಿನ ಗೆಣ್ಣು ಮುಳುಗುವಷ್ಟು ನೀರು ಎನ್ನುವ ಅಜ್ಜಿಯ ಲೆಕ್ಕವನ್ನು ಗೇಲಿ ಮಾಡಬೇಡಿ. ಅದು ಅಕ್ಕಿಯ ಮೇಲೆ ನಿಲ್ಲುವ ನೀರನ್ನು ಅಳೆಯುವುದರಿಂದ, ದಿನವೂ ಒಂದೇ ಪಾತ್ರೆ ಬಳಸುವವರಿಗೆ ಒಂದಕ್ಕೆರಡಕ್ಕಿಂತ ಎಷ್ಟೋ ವಾಸಿ. ಪಾತ್ರೆ ಬದಲಾದರೆ ಮಾತ್ರ ಅದೂ ಕೈಕೊಡುತ್ತದೆ.

ತಪ್ಪು ಕಲ್ಪನೆ: ಮೂರು ಕೂಗಿಗೆ ಅನ್ನ ಆಗಿರುತ್ತದೆ

ಕುಕ್ಕರ್ ಕೂಗುವುದು ಅನ್ನ ಬೆಂದಿತು ಎಂದಲ್ಲ, ಒಳಗೆ ಒತ್ತಡ ಹೆಚ್ಚಾಯಿತು ಎಂದು. ಜೋರು ಉರಿಯಲ್ಲಿ ಮೂರು ಕೂಗು ಬೇಗ ಮುಗಿಯುತ್ತವೆ, ಸಣ್ಣ ಉರಿಯಲ್ಲಿ ಎರಡು ಕೂಗಿನ ನಡುವೆಯೇ ಬಹಳ ಹೊತ್ತು ಹಿಡಿಯುತ್ತದೆ. ಬೇಯಿಸುವುದು ಒಳಗಿನ ಶಾಖ ಮತ್ತು ಸಮಯ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ತೆರೆದ ಪಾತ್ರೆಯ ನೀರು ಅಲ್ಲಿ 97 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ಕುಕ್ಕರಿನೊಳಗೆ ಅದು 120 ಡಿಗ್ರಿಯ ಹತ್ತಿರ ಹೋಗುತ್ತದೆ. ಮೊದಲ ಕೂಗು ಬಂದೊಡನೆ ಉರಿ ಸಣ್ಣಗೆ ಮಾಡಿ, ಕೂಗು ಬಿಟ್ಟು ನಿಮಿಷ ಎಣಿಸಿ.

ಒಲೆ ಆರಿಸಿದ ಮೇಲೂ ಅನ್ನ ಬೇಯುತ್ತಲೇ ಇರುತ್ತದೆ. ಆತುರಕ್ಕೆ ಬಿದ್ದು ವೆಯ್ಟ್ ಎತ್ತಿ ಹಬೆ ಬಿಟ್ಟರೆ, ಅಗುಳಿನೊಳಗಿನ ನೀರು ಒಮ್ಮೆಲೇ ಕುದಿದು ಅಗುಳು ಒಡೆಯುತ್ತದೆ, ಗಂಜಿ ಉಕ್ಕುತ್ತದೆ. ಹತ್ತು ನಿಮಿಷ ಅದರ ಪಾಡಿಗೆ ಬಿಡಿ.

ಒಂದು ಚಮಚ ಎಣ್ಣೆ ಹಾಕಿದರೆ ಅನ್ನ ಉದುರಾಗುತ್ತದೆ ಎಂಬ ಮಾತೂ ಇದೆ. ಎಣ್ಣೆ ನೊರೆ ಉಕ್ಕುವುದನ್ನು ತಡೆಯುತ್ತದೆ, ಅದರಾಚೆಗೆ ಹೆಚ್ಚೇನಿಲ್ಲ. ನಿಂಬೆ ರಸದ ವಿಷಯದಲ್ಲಿ ಮಾತ್ರ ಜನ ಹೇಳುವುದು ನಿಜ: ಬೋರ್‌ವೆಲ್ಲಿನ ಗಡಸು ನೀರಿಗೆ ಅನ್ನ ಹಳದಿ ತಿರುಗುವುದಾದರೆ ನಾಲ್ಕು ಹನಿ ಹಿಂಡಿ.

ತಪ್ಪು ಕಲ್ಪನೆ: ಪಡಿತರ ಅಕ್ಕಿಯಲ್ಲಿ ಪ್ಲಾಸ್ಟಿಕ್ ಬೆರೆಸಿದ್ದಾರೆ

ಅಕ್ಕಿ ತೊಳೆಯುವಾಗ ಕೆಲವು ಕಾಳು ತೇಲಿದವು, ಬಣ್ಣವೂ ಬೇರೆ, ಅನ್ನ ಉಂಡೆ ಮಾಡಿ ಎಸೆದರೆ ಪುಟಿಯಿತು, ಹಾಗಾದರೆ ಇದು ಪ್ಲಾಸ್ಟಿಕ್ಕೇ. ಇಂಥ ವಿಡಿಯೊ ವರ್ಷಕ್ಕೊಮ್ಮೆಯಾದರೂ ಮೊಬೈಲಿಗೆ ಬರುತ್ತದೆ. ಆ ಬೇರೆ ಕಾಳು ಸಾರವರ್ಧಿತ ಅಕ್ಕಿಯದ್ದು. ಅಕ್ಕಿ ಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಸೇರಿಸಿ, ಯಂತ್ರದಲ್ಲಿ ಕಾಳಿನ ಆಕಾರಕ್ಕೆ ಒತ್ತಿ, ಸಾಮಾನ್ಯ ಅಕ್ಕಿಯ ನೂರು ಪಾಲಿಗೆ ಒಂದು ಪಾಲಿನಂತೆ ಬೆರೆಸುತ್ತಾರೆ. ಪಡಿತರ ಮತ್ತು ಬಿಸಿಯೂಟಕ್ಕೆ ಇಂಥ ಅಕ್ಕಿ ಕೊಡುವುದಾಗಿ ಪ್ರಧಾನಿ 2021ರ ಆಗಸ್ಟ್ 15ರಂದು ಘೋಷಿಸಿದ್ದರು. ಅನ್ನದುಂಡೆ ಪುಟಿಯುವುದು ಬೆಂದ ಪಿಷ್ಟದ ಗುಣ, ನೀವು ಮೆಚ್ಚಿ ತಂದ ದುಬಾರಿ ಅಕ್ಕಿಯದ್ದೂ ಪುಟಿಯುತ್ತದೆ. ಪ್ಲಾಸ್ಟಿಕ್ ನೀರು ಕುಡಿದು ಅರಳುವುದಿಲ್ಲ. ರಕ್ತಹೀನತೆ ನೀಗಲೆಂದು ಬೆರೆಸಿದ ಕಾಳನ್ನು ಹೆಕ್ಕಿ ಹೆಕ್ಕಿ ಎಸೆಯುವುದು ಸಂಕಟದ ಸಂಗತಿ. ಈ ಅಕ್ಕಿಯನ್ನು ಉಜ್ಜಿ ಉಜ್ಜಿ ತೊಳೆಯಲೂಬೇಡಿ. ಹಗುರವಾಗಿ ಒಂದೆರಡು ಸಲ ತೊಳೆದರೆ ಸಾಕು. ಅಕ್ಕಚ್ಚು ಕನ್ನಡಿಯಷ್ಟು ತಿಳಿಯಾಗಬೇಕೆಂಬ ಹಟ ಯಾವ ಅಕ್ಕಿಗೂ ಬೇಡ.

ತಪ್ಪು ಕಲ್ಪನೆ: ಗಂಜಿ ಬಸಿದರೆ ಸಕ್ಕರೆ ಕಾಯಿಲೆಯವರಿಗೆ ತೊಂದರೆಯಿಲ್ಲ

ಬಸಿದಾಗ ಹೋಗುವುದು ಹೊರಗೆ ಕರಗಿದ ಒಂದಿಷ್ಟು ಪಿಷ್ಟ. ತಟ್ಟೆಗೆ ಬಡಿಸಿದ ಅಗುಳಿನ ತಿರುಳೆಲ್ಲ ಪಿಷ್ಟವೇ, ಅದು ಗ್ಲೂಕೋಸ್ ಆಗಿಯೇ ತೀರುತ್ತದೆ. ಬಸಿದ ಅನ್ನವೆಂದು ಎರಡು ಸೌಟು ಹೆಚ್ಚು ಬಡಿಸಿಕೊಂಡರೆ ಇದ್ದ ಚೂರು ಲಾಭವೂ ಹೋಯಿತು. ಅನ್ನದ ಪ್ರಮಾಣ ಇಳಿಸಿ, ಪಲ್ಯ, ಸೊಪ್ಪು, ಬೇಳೆ ಹೆಚ್ಚಿಸುವುದೇ ಸರಿಯಾದ ದಾರಿ. ಗಂಜಿಯ ಜೊತೆ ನೀರಿನಲ್ಲಿ ಕರಗುವ ಬಿ ಜೀವಸತ್ವಗಳೂ ಹರಿದುಹೋಗುತ್ತವೆ. ಕರಾವಳಿಯವರ ಕುಸುಲಕ್ಕಿಗೆ ಇಲ್ಲೊಂದು ಅನುಕೂಲವಿದೆ. ಭತ್ತವನ್ನು ಸಿಪ್ಪೆ ಸಮೇತ ಬೇಯಿಸುವಾಗ ತೌಡಿನ ಬಿ1 ಸ್ವಲ್ಪ ಕಾಳಿನೊಳಗೇ ಸೇರಿಕೊಳ್ಳುತ್ತದೆ. ಅಲ್ಲಿನವರು ಗಂಜಿಯನ್ನು ಚೆಲ್ಲದೆ ಉಪ್ಪು ಹಾಕಿ ಕುಡಿಯುವುದೂ ಒಳ್ಳೆಯದೇ.

ತಪ್ಪು ಕಲ್ಪನೆ: ರಾತ್ರಿಯ ಅನ್ನ ಹೇಗಿದ್ದರೂ ಬಿಸಿ ಮಾಡಿದರೆ ಆಯಿತು

ಹಿಂದಿನವುಗಳಲ್ಲಿ ಹಲವು ರುಚಿಯ ಮಾತು, ಇದು ನೇರವಾಗಿ ಆರೋಗ್ಯದ್ದು. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಇರುವುದುಂಟು. ಕುದಿಸಿದರೂ ಅವು ಸಾಯುವುದಿಲ್ಲ. ಅನ್ನ ಉಗುರು ಬೆಚ್ಚಗೆ ಗಂಟೆಗಟ್ಟಲೆ ಹೊರಗೇ ಉಳಿದರೆ ಅವು ಮೊಳೆತು ಬೆಳೆಯುತ್ತವೆ. ವಾಂತಿ ತರುವ ವಿಷವನ್ನು ಬಿಡುತ್ತವೆ. ಮತ್ತೆ ಬಿಸಿ ಮಾಡಿದರೆ ಬ್ಯಾಕ್ಟೀರಿಯಾ ಸತ್ತೀತು, ಆ ವಿಷ ಮಾತ್ರ ಕುಕ್ಕರಿನ ಶಾಖಕ್ಕೂ ಜಗ್ಗುವುದಿಲ್ಲ. ಮೂಗಿಗೆ ವಾಸನೆ ಬರಲೇಬೇಕೆಂದೂ ಇಲ್ಲ. ಹುಳಿ ಬೆರೆಸಿದ ಪುಳಿಯೋಗರೆ ಹೆಚ್ಚು ಹೊತ್ತು ತಡೆಯುತ್ತದೆ ಎನ್ನುವುದು ಸರಿ, ಆಮ್ಲದಲ್ಲಿ ಈ ಬ್ಯಾಕ್ಟೀರಿಯಾ ಸೊರಗುತ್ತದೆ. ಆದರೆ ಹಾಳಾದ ಅನ್ನಕ್ಕೆ ಬೆಳಗ್ಗೆ ಎದ್ದು ಗೊಜ್ಜು ಕಲಸಿದರೆ ಏನೂ ಸರಿಹೋಗುವುದಿಲ್ಲ.

ನಾಳೆಯ ಚಿತ್ರಾನ್ನಕ್ಕೆಂದು ಅನ್ನ ಉಳಿಸುವವರು ಊಟ ಮುಗಿದ ಗಂಟೆಯೊಳಗೆ ಅದನ್ನು ಅಗಲ ತಟ್ಟೆಯಲ್ಲಿ ಹರಡಿ, ಆರಿಸಿ, ಮುಚ್ಚಿ ಫ್ರಿಜ್ಜಿನಲ್ಲಿಡಿ. ರಾತ್ರಿಯಿಡೀ ಕುಕ್ಕರಿನಲ್ಲೇ ಉಳಿದ ಅನ್ನವನ್ನು ಮಕ್ಕಳಿಗಂತೂ ಕೊಡಬೇಡಿ.