ಬಾಗಿಲಿಗೆ ಬರುವ ಮರದ ವ್ಯಾಪಾರ



ಸಂಕ್ರಾಂತಿ ಕಳೆದು ಹುಣಸೆ ಹಣ್ಣಾಗತೊಡಗಿತೆಂದರೆ ನಮ್ಮ ದೊಡ್ಡಗಾಜನೂರಿನ ಬೀದಿಗಳಲ್ಲಿ ಹೊಸ ಮುಖಗಳು ಕಾಣಿಸಿಕೊಳ್ಳುತ್ತವೆ. ಹೊರಗಿನ ಜನ ನಮ್ಮದನ್ನು ರಾಜ್‌ಕುಮಾರ್ ಅವರ ಊರೆಂದು ಬಲ್ಲರು. ಇವರಾದರೋ ಯಾರ ಹಿತ್ತಲಲ್ಲಿ ಎಷ್ಟು ದಪ್ಪದ ಬೇವಿದೆ, ಯಾರ ಬದುವಿನಲ್ಲಿ ಎಷ್ಟು ಹುಣಸೆಮರಗಳಿವೆ ಎಂಬ ಲೆಕ್ಕದಿಂದ ಊರನ್ನು ಬಲ್ಲವರು. ಮರವನ್ನೇ ಕೊಳ್ಳುವವರು, ಮರದ ಮೇಲಿನ ಹಣ್ಣನ್ನು ಗುತ್ತಿಗೆ ಹಿಡಿಯುವವರು, ತೆಂಗಿನಮರ ಏರಿ ಕಾಯಿ ಕೆಡವಿ ಒಣಗರಿ ತೆಗೆದುಕೊಡುವವರು, ತೆಂಗಿನ ಬೇರಿಗೆ ‘ಔಷಧ’ ಕಟ್ಟುತ್ತೇವೆನ್ನುವವರು, ಎಲ್ಲರೂ ಮನೆಬಾಗಿಲಿಗೇ ಬರುತ್ತಾರೆ.

ತಾಳವಾಡಿಯಲ್ಲಿ ಅಂಗಡಿಯ ಮುಂದೆ ನಿಂತು ಮಾಡುವ ಚೌಕಾಸಿಗೂ ಮನೆಯ ಜಗುಲಿಯ ಮೇಲೆ ನಡೆಯುವ ಚೌಕಾಸಿಗೂ ವ್ಯತ್ಯಾಸವಿದೆ. ಅಲ್ಲಿ ಪಕ್ಕದ ಅಂಗಡಿಯ ಬೆಲೆಯನ್ನೂ ಕೇಳಬಹುದು. ಇಲ್ಲಿ ಮರ ಕೊಳ್ಳಲು ಬಂದವನಿಗೆ ಬೆಲೆ ಗೊತ್ತು, ಮನೆಯವರಿಗೆ ಗೊತ್ತಿಲ್ಲ. ಕೂಲಿ ಕೇಳಿ ಬಂದವನ ವಿಷಯದಲ್ಲಿ ಇದು ತಿರುಗುಮುರುಗಾಗುತ್ತದೆ: ಅವನಿಗೆ ಇಂದಿನ ಅಕ್ಕಿಯ ಚಿಂತೆ, ಮನೆಯವರಿಗೆ ಅವಸರವಿಲ್ಲ. ಎರಡು ಕಡೆಯೂ ಅನ್ಯಾಯಕ್ಕೆ ದಾರಿಯಿದೆ.

ಪರರ ವಿಷಯ ಎತ್ತುವ ಮುನ್ನ ನಮ್ಮ ತಪ್ಪನ್ನೇ ಹೇಳಿಬಿಡುತ್ತೇವೆ. ಎರಡು ವರ್ಷಗಳ ಹಿಂದೆ ಗುರುಮನೆಯ ಆವರಣದ 14 ತೆಂಗಿನಮರಗಳ ಕಾಯಿ ಕೆಡವಲು ಒಬ್ಬರು ಬಂದರು. ಮರಕ್ಕಿಷ್ಟು ಎಂದು ಕೇಳಿದರು. ನಾವು ಹತ್ತು ರೂಪಾಯಿ ಇಳಿಸಿ ಕೇಳಿದೆವು. ಸ್ವಲ್ಪ ಹೊತ್ತು ನಿಂತು, ‘ಆಗಲಿ ಫಾದರ್’ ಎಂದರು. ದೇವಾಲಯದ ಹಣ ಉಳಿಸಿದೆವೆಂದು ನಮಗೆ ಸಮಾಧಾನವೂ ಆಯಿತು. ಮರುದಿನ ಅವರು ಒಬ್ಬರೇ ಬಂದರು. ಎಂದಿನಂತೆ ಕೆಳಗೆ ನಿಂತು ಹಗ್ಗ ಹಿಡಿಯುವ ಹುಡುಗ ಬಂದಿರಲಿಲ್ಲ. ಆ ಕೂಲಿಯಲ್ಲಿ ಇಬ್ಬರಿಗೆ ಹಂಚಲು ಸಾಲದು. ಒಂಬತ್ತನೆಯ ಮರದಿಂದ ಇಳಿಯುವಾಗ ಕೈ ಜಾರಿ ಬಿದ್ದರು. ಪುಣ್ಯಕ್ಕೆ ಅರ್ಧಕ್ಕಿಂತ ಕೆಳಗೆ ಇಳಿದಿದ್ದರು, ಜೀವ ಉಳಿಯಿತು. ಹಿಮ್ಮಡಿಯ ಮೂಳೆ ಮುರಿದು ನಾಲ್ಕು ತಿಂಗಳು ಕೆಲಸವಿಲ್ಲದೆ ಕುಳಿತರು. ನಾವು ಉಳಿಸಿದ್ದು 140 ರೂಪಾಯಿ.

‘ಅವರೇ ಒಪ್ಪಿದರಲ್ಲ’ ಎಂದು ನಮ್ಮ ಮನಸ್ಸು ಅನೇಕ ದಿನ ವಾದಿಸಿತು. ಸೆಮಿನರಿಯಲ್ಲಿ ಪಾಠ ಓದಿದವರಿಗೆ ಈ ವಾದ ಸಲ್ಲದು. ಜಗದ್ಗುರು ಹದಿಮೂರನೆಯ ಲಿಯೋ ಅವರು 1891ರ ‘ರೇರುಂ ನೊವಾರುಂ’ ವಿಶ್ವಪತ್ರದಲ್ಲಿ ಇದನ್ನೇ ವಿಚಾರಿಸಿದ್ದಾರೆ. ಕೂಲಿಯ ಒಪ್ಪಂದ ಇಬ್ಬರ ಇಚ್ಛೆಯಿಂದಲೇ ಆದರೂ ಅದರ ಮೇಲೊಂದು ನ್ಯಾಯವಿದೆ. ಮಿತವಾಗಿ ಬದುಕುವ ಕಾರ್ಮಿಕನ ಜೀವನಕ್ಕೆ ಸಾಲದ ಕೂಲಿ ನ್ಯಾಯದ ಕೂಲಿಯಲ್ಲ. ಬೇರೆ ದಾರಿ ಕಾಣದೆ ಒಪ್ಪಿಕೊಂಡವನು ಬಲಾತ್ಕಾರಕ್ಕೆ ಒಳಗಾದವನೇ ಎಂಬುದು ಅವರ ಅಭಿಪ್ರಾಯ. ನಮ್ಮ ಜಗುಲಿಯ ಮೇಲೆ ಆ ‘ಆಗಲಿ ಫಾದರ್’ ಎಂಬ ಮಾತಿಗೆ ಇದ್ದ ಅರ್ಥ ಅದೇ.

ಹಾಗಾದರೆ ಚೌಕಾಸಿಯೇ ಪಾಪವೇ? ಅಲ್ಲ. ಮರಕ್ಕೆ, ಹಣ್ಣಿಗೆ ಅಚ್ಚು ಹೊಡೆದ ಬೆಲೆಯಿಲ್ಲ; ಇಬ್ಬರೂ ಮಾತಾಡಿಯೇ ಗೊತ್ತು ಮಾಡಬೇಕು. ಆದರೆ ಏರುವವರ ಹಗ್ಗ, ಕೆಳಗೆ ನಿಲ್ಲುವ ಸಹಾಯಕ, ಇವು ಚೌಕಾಸಿಗೆ ಸೇರಿದ ಸರಕಲ್ಲ. ಬೆಲೆ ಮಾತಾಡುವಾಗಲೇ ‘ಜೊತೆಗೆ ಯಾರು ಬರುತ್ತಾರೆ, ಹಗ್ಗ ಇದೆಯೇ’ ಎಂದು ಕೇಳಿ, ಅದೂ ಸೇರಿ ಎಷ್ಟೆಂದು ಹೇಳಿಸಬೇಕು. ತೆಂಗು ಅಭಿವೃದ್ಧಿ ಮಂಡಳಿಯವರು ತೆಂಗು ಏರುವವರಿಗೆಂದೇ ‘ಕೇರ ಸುರಕ್ಷಾ’ ಎಂಬ ಅಪಘಾತ ವಿಮೆ ನಡೆಸುತ್ತಾರೆ. ಕಂತಿನ ಹೆಚ್ಚಿನ ಪಾಲನ್ನು ಮಂಡಳಿಯೇ ಕೊಡುತ್ತದೆ. ನಿಮ್ಮ ತೋಟಕ್ಕೆ ಪ್ರತಿಸಲ ಬರುವವರಿದ್ದರೆ ಅವರ ಪಾಲಿನ ಕಂತನ್ನು ನೀವೇ ಕಟ್ಟಿಬಿಡಿ. ಒಂದು ಗೊನೆ ಎಳನೀರಿನ ಮಾತು ಅಷ್ಟೆ.

ತೆಂಗಿನ ವಿಷಯದಲ್ಲಿ ಕೆಲಸದವರು ತಪ್ಪುವುದೂ ಉಂಟು. ಕೆಲವರು ಕೆಲಸ ದೊಡ್ಡದಾಗಿ ಕಾಣಲೆಂದು ಹಸಿರು ಗರಿಗಳನ್ನೂ ಕಡಿದು ರಾಶಿ ಹಾಕುತ್ತಾರೆ. ಒಳ್ಳೆಯ ಮರದಲ್ಲಿ ಮೂವತ್ತಕ್ಕೂ ಹೆಚ್ಚು ಗರಿಗಳಿರುತ್ತವೆ. ತಿಂಗಳಿಗೆ ಹೆಚ್ಚುಕಡಿಮೆ ಒಂದು ಗರಿ ಹೊಸದಾಗಿ ಬಿಡುತ್ತದೆ. ಒಂದೊಂದು ಗರಿಯ ಕಂಕುಳಲ್ಲಿ ಒಂದೊಂದು ಹೊಂಬಾಳೆ. ಹಸಿರು ಗರಿ ಕಡಿದರೆ ಕಾಯಿಯ ಊಟ ಕಡಿದಂತೆ. ಏರಲು ಸುಲಭವೆಂದು ಕಾಂಡದಲ್ಲಿ ಮಚ್ಚಿನಿಂದ ಮೆಟ್ಟಿಲು ಕೊಚ್ಚುವವರನ್ನಂತೂ ತೋಟಕ್ಕೆ ಬಿಡಬೇಡಿ. ಬೇವು, ಹುಣಸೆಯ ಗಾಯಕ್ಕೆ ತೊಗಟೆ ಮೆಲ್ಲಗೆ ಮುಚ್ಚಿಕೊಳ್ಳುತ್ತದೆ. ತೆಂಗಿನ ಕಾಂಡದ ಗಾಯ ಎಂದಿಗೂ ಮಾಯುವುದಿಲ್ಲ, ಕೆಂಪು ಮೂತಿಹುಳು ಅಲ್ಲಿಗೇ ಬರುತ್ತದೆ.

ಇನ್ನು ಮರ ಮಾರುವ ವಿಷಯ. ಬಂದವರು ಕೊಡಲಿಯ ಹಿಂಬದಿಯಿಂದ ಕಾಂಡಕ್ಕೆ ಎರಡು ಏಟು ಕೊಟ್ಟು ‘ಒಳಗೆಲ್ಲ ಪೊಟರೆ, ಮಳೆಗಾಲಕ್ಕೆ ನಿಮ್ಮ ಮನೆಯ ಮೇಲೇ ಬೀಳುತ್ತದೆ’ ಎನ್ನುತ್ತಾರೆ. ಕೆಲವೊಮ್ಮೆ ನಿಜವೂ ಇರಬಹುದು. ಆದರೆ ಬೀಳುವ ಮರಕ್ಕೆ ಇವರು ಮೂರನೆಯ ಸಲ ಏಕೆ ಬಂದರೆಂದು ಯೋಚಿಸಬೇಕು. ಕೊಳ್ಳುವವನು ಸರಕನ್ನು ಹಳಿದು, ಕೊಂಡು ಹೋದ ಮೇಲೆ ಹೆಮ್ಮೆಪಡುವುದನ್ನು ಜ್ಞಾನೋಕ್ತಿಗಳ ಗ್ರಂಥ ಎಂದೋ ಕಂಡು ಬರೆದಿಟ್ಟಿದೆ. ಇತ್ತೀಚೆಗೆ ಇನ್ನೊಂದು ಅವಸರದ ಮಾತು ಸೇರಿಕೊಂಡಿದೆ. ದಿಂಬಂ ಘಟ್ಟದಲ್ಲಿ 2022ರಿಂದ ರಾತ್ರಿ ಸಂಚಾರಕ್ಕೆ ನಿರ್ಬಂಧವಿರುವುದರಿಂದ, ‘ಲಾರಿ ಸಂಜೆಯೊಳಗೆ ಇಳಿಯಬೇಕು, ಈಗಲೇ ಹೇಳಿ’ ಎನ್ನುತ್ತಾರೆ. ಅವರ ಲಾರಿಯ ಅವಸರ ನಿಮ್ಮ ಮರದ ಅವಸರವಲ್ಲ. 27 ತಿರುವು ನಾಳೆಯೂ ಅಲ್ಲೇ ಇರುತ್ತವೆ.

ನಮ್ಮ ಧರ್ಮಕೇಂದ್ರದ ಒಬ್ಬ ಅಜ್ಜಿ ಹೀಗೆ ಬೇವಿನಮರ ಮಾರಿದರು. ಘನ ಅಡಿಗೆ ಇಷ್ಟು ಎಂದು ಮಾತಾಗಿತ್ತು. ವ್ಯಾಪಾರಿ ದಿಮ್ಮಿಯ ನಡುವಿಗೆ ಹಗ್ಗ ಸುತ್ತಿ, 54 ಅಂಗುಲವೆಂದು ಬರೆದುಕೊಂಡರು. ದಿಮ್ಮಿ ಲಾರಿಗೆ ಏರುವ ಮೊದಲು ಶಾಲೆಯಿಂದ ಬಂದ ಮೊಮ್ಮಗ ಟೇಪು ಹಿಡಿದರೆ 60 ಅಂಗುಲ ಬಂತು. ಆರಂಗುಲ ತಾನೆ ಎನ್ನಬೇಡಿ, ಲೆಕ್ಕ ನೋಡಿ. ಸುತ್ತಳತೆಯ ಕಾಲುಭಾಗವನ್ನು ಅದರಿಂದಲೇ ಗುಣಿಸಿ, ಅದನ್ನು ಅಡಿಗಳಲ್ಲಿರುವ ಉದ್ದದಿಂದ ಗುಣಿಸಿ, 144ರಿಂದ ಭಾಗಿಸಿದರೆ ಘನ ಅಡಿ ಸಿಗುತ್ತದೆ. 60 ಅಂಗುಲದ ಕಾಲುಭಾಗ 15. ಹದಿನೈದು ಹದಿನೈದಲಿ 225. ಉದ್ದ 12 ಅಡಿಯಾದರೆ 2700. 144ರಿಂದ ಭಾಗಿಸಿದರೆ 18.75 ಘನ ಅಡಿ. ಅದೇ 54 ಅಂಗುಲವೆಂದರೆ 15.19 ಮಾತ್ರ. ಅಳತೆಯಲ್ಲಿ ಹತ್ತರಲ್ಲೊಂದು ಪಾಲು ತಪ್ಪಿದರೆ ಹಣದಲ್ಲಿ ಸುಮಾರು ಐದರಲ್ಲೊಂದು ಪಾಲು ಹೋಗುತ್ತದೆ. ಈ ಕಾಲುಭಾಗದ ಲೆಕ್ಕವೇ ದಿಮ್ಮಿಯ ನಿಜವಾದ ಗಾತ್ರಕ್ಕಿಂತ ನೂರಕ್ಕೆ 21ಕ್ಕೂ ಹೆಚ್ಚು ಕಡಿಮೆ ತೋರಿಸುತ್ತದೆ. ಕೊಯ್ಯುವಾಗ ಹೋಗುವ ಹೊರಪಟ್ಟಿಗೆಂದು ಅದನ್ನು ಬಿಟ್ಟಿರುವುದು ವ್ಯಾಪಾರದಲ್ಲಿ ಎಲ್ಲರಿಗೂ ಗೊತ್ತಿದ್ದು, ಬೆಲೆಯೂ ಅದರಂತೆಯೇ ನಡೆಯುವುದರಿಂದ ಅದರಲ್ಲಿ ಮೋಸವಿಲ್ಲ.

ಹುಡುಗ ಕೇಳಿದಾಗ ವ್ಯಾಪಾರಿ ‘ತೊಗಟೆಗೆ ಕಳೆದಿದ್ದೇನೆ’ ಎಂದರಂತೆ. ತೊಗಟೆಗೆ ಕಳೆಯುವ ಪದ್ಧತಿ ಇದೆ, ಸುಳ್ಳೆಂದು ನಾವು ಹೇಳುವುದಿಲ್ಲ. ಆದರೆ ಅದನ್ನು ಹಗ್ಗ ಸುತ್ತುವ ಮೊದಲು ಹೇಳಬೇಕಿತ್ತು. ಕೊನೆಗೆ ವ್ಯತ್ಯಾಸದ ಅರ್ಧ ಹಣ ಕೊಟ್ಟು ಹೋದರು. ಅಜ್ಜಿಗೆ ಆಸ್ಪತ್ರೆಯ ಖರ್ಚಿತ್ತೆಂದು ಅವರಿಗೆ ಮೊದಲೇ ತಿಳಿದಿತ್ತೆಂಬುದು ನಮ್ಮನ್ನು ಹೆಚ್ಚು ನೋಯಿಸಿತು. ಕೊಳ್ಳುವವನ ಕಷ್ಟವನ್ನು ನೋಡಿ ಬೆಲೆ ಏರಿಸುವವನು ತನ್ನದಲ್ಲದ್ದನ್ನು ಮಾರಿದಂತೆ ಎಂದು ಸಂತ ತೋಮಾಸ್ ಅಕ್ವಿನಾಸರು ಬೋಧಿಸಿದ್ದಾರೆ. ಮಾರುವವರ ಕಷ್ಟ ನೋಡಿ ಬೆಲೆ ಇಳಿಸುವುದಕ್ಕೂ ಇದೇ ನ್ಯಾಯ.

ಅದೇ ಸಂತರು ಮಾರುವವರಿಗೂ ಒಂದು ಮಾತು ಹೇಳುತ್ತಾರೆ: ಅಪಾಯ ತರುವ ಗುಪ್ತ ದೋಷವನ್ನು ಕೊಳ್ಳುವವನಿಗೆ ತಿಳಿಸಲೇಬೇಕು. ನಮ್ಮ ಬದುವಿನ ಮರಗಳಿಗೆ ಬೇಲಿತಂತಿಗೆಂದು, ದನ ಕಟ್ಟಲೆಂದು, ಚುನಾವಣೆಯ ಫಲಕಕ್ಕೆಂದು ಎಷ್ಟು ಮೊಳೆ ಹೊಡೆದಿದ್ದೇವೆ! ಹತ್ತು ವರ್ಷದಲ್ಲಿ ಮರ ಅವನ್ನು ನುಂಗಿಬಿಡುತ್ತದೆ. ಯಂತ್ರದ ಗರಗಸ ಓಡುವಾಗ ಆ ಮೊಳೆ ಸಿಕ್ಕಿದರೆ ಸರಪಳಿ ಕಿತ್ತು ಕೊಯ್ಯುವವನ ಮುಖಕ್ಕೋ ತೊಡೆಗೋ ಬಡಿಯಬಹುದು. ‘ಹೇಳಿದರೆ ಬೆಲೆ ಇಳಿಯುತ್ತದೆ’ ಎಂದು ಸುಮ್ಮನಿರುವವರು ನಮ್ಮಲ್ಲಿದ್ದಾರೆ. ಇಬ್ಬರಿಂದ ಮುಂಗಡ ಹಿಡಿದವರೂ ಇದ್ದಾರೆ. ಅವರಿಗೆ ಈ ಲೇಖನ ಯಾರ ಬಗ್ಗೆ ಎಂದು ತಿಳಿಯುತ್ತದೆ.

ಹುಣಸೆ ಗುತ್ತಿಗೆ ಕೊಡುವವರು ಒಂದು ನೆನಪಿಡಿ. ಹುಣಸೆ ಒಂದು ವರ್ಷ ಹೆಚ್ಚು ಬಿಟ್ಟರೆ ಮರುವರ್ಷ ಸಾಮಾನ್ಯವಾಗಿ ಕಡಿಮೆ. ಕಡಿಮೆ ಬಿಟ್ಟ ವರ್ಷ ತೋರಿಸಿ ಮೂರು ವರ್ಷಕ್ಕೆ ಬರೆಸಿಕೊಳ್ಳಲು ಬಂದರೆ ಒಪ್ಪಬೇಡಿ. ಮರ ಕಡಿಸುವವರು ಪಟ್ಟಾ ಜಮೀನಾದರೂ ಅರಣ್ಯ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿಯೇ ಮುಂದುವರಿಯಿರಿ. ‘ಪರ್ಮಿಟ್ ನಾನು ನೋಡಿಕೊಳ್ಳುತ್ತೇನೆ’ ಎಂಬ ಮಾತು ಪೊಲೀಸರ ಮುಂದೆ ನಿಲ್ಲುವುದಿಲ್ಲ.

ಬೇರಿಗೆ ಔಷಧ ಕಟ್ಟುವವರ ಬಗ್ಗೆ ನಮಗೆ ಹೆಚ್ಚಿನ ಭಯವಿದೆ. 2016ರಲ್ಲಿ ಪೊಳ್ಳಾಚಿಯ ಕಡೆ ಮೊದಲು ಕಂಡ ಸುರುಳಿ ಬಿಳಿನೊಣ ತೆಂಗಿನ ನಾಡಿನಲ್ಲೆಲ್ಲ ಹರಡಿದ ಮೇಲೆ ಇವರ ಬರವು ಹೆಚ್ಚಾಗಿದೆ. ಕೈಯಲ್ಲಿ ಚೀಟಿಯಿಲ್ಲದ ಸೀಸೆ. 1968ರ ಕೀಟನಾಶಕ ಕಾಯಿದೆಯ ಪ್ರಕಾರ ಪರವಾನಗಿಯಿಲ್ಲದೆ ಕೀಟನಾಶಕ ಮಾರುವಂತೆಯೇ ಇಲ್ಲ. ಬೇರಿನಿಂದ ಏರಿದ ವಿಷ ತುದಿಯವರೆಗೂ ಹೋಗುತ್ತದೆ. ಆದ್ದರಿಂದಲೇ ಕೃಷಿ ತಜ್ಞರು ಮೊನೊಕ್ರೊಟೊಫಾಸನ್ನು ಬೇರಿಗೆ ಕೊಟ್ಟರೆ 45 ದಿನ ಕಾಯಿ ಕೀಳಬಾರದೆಂದು ಹೇಳುತ್ತಿದ್ದರು; ಅದರ 36 ಎಸ್.ಎಲ್. ದ್ರಾವಣವನ್ನು ನಿಷೇಧಿಸುವ ಆದೇಶ 2023ರಲ್ಲಿ ಹೊರಟಿದೆ. ಸೀಸೆಯಲ್ಲಿ ಏನಿದೆಯೆಂದು ತಿಳಿಯದೆ ಕಟ್ಟಿಸಿ, ವಾರದೊಳಗೆ ಎಳನೀರು ಕಿತ್ತು ಮಾರಿದರೆ ಕುಡಿಯುವವರು ಯಾರು? ಬಹಳ ಸಲ ಜ್ವರದಿಂದ ಎದ್ದ ಮಗು, ಆಸ್ಪತ್ರೆಯ ರೋಗಿ. ಬಿಳಿನೊಣಕ್ಕಂತೂ ನೀರನ್ನು ರಭಸವಾಗಿ ಹೊಡೆಯುವುದು, ಹಳದಿ ಅಂಟುಪಟ್ಟಿ ಕಟ್ಟುವುದು ಲೇಸು. ಅದನ್ನು ತಿಂದು ಬದುಕುವ ಎನ್ಕಾರ್ಸಿಯ ಎಂಬ ಅತಿ ಸಣ್ಣ ಕಣಜವಿದೆ. ವಿಷ ಹೊಡೆದರೆ ಮೊದಲು ಸಾಯುವುದು ಅದೇ.

ಆರೋಗ್ಯದ ಮಾತು ಒಂದಿದೆ. ಮರದಿಂದ ಬಿದ್ದವರನ್ನು ಕೈಕಾಲು ಹಿಡಿದು ಎತ್ತಬೇಡಿ, ಎಬ್ಬಿಸಿ ಕೂರಿಸಬೇಡಿ, ಬೈಕಿನಲ್ಲಿ ನಡುವೆ ಕೂರಿಸಿಕೊಂಡು ಓಡಬೇಡಿ. ಬೆನ್ನುಮೂಳೆ ಮುರಿದಿದ್ದರೆ ಒಂದು ಅಲುಗಾಟಕ್ಕೆ ನರ ತುಂಡಾಗಿ ಕಾಲು ಶಾಶ್ವತವಾಗಿ ಹೋಗಬಹುದು. ಮಲಗಿದಂತೆಯೇ ಬಿಟ್ಟು, ತಲೆ ಕುತ್ತಿಗೆ ಅಲುಗದಂತೆ ಒಬ್ಬರು ಹಿಡಿದು, 108ಕ್ಕೆ ಕರೆ ಮಾಡಿ. ಸಾಗಿಸಲೇಬೇಕಾದರೆ ಬಾಗಿಲಿನ ಹಲಗೆಯ ಮೇಲೆ ನಾಲ್ವರು ಸೇರಿ ಒಟ್ಟಿಗೆ ಜರುಗಿಸಿ. ನೀರು, ಕಾಫಿ ಕುಡಿಸಬೇಡಿ. ಕೊಂಬೆ ವಿದ್ಯುತ್ ತಂತಿಗೆ ತಾಗುವಂತಿದ್ದರೆ ಇ.ಬಿ. ಕಚೇರಿಗೆ ಹೇಳಿ ಲೈನು ನಿಲ್ಲಿಸದೆ ಯಾರನ್ನೂ ಏರಿಸಬೇಡಿ.

ಗುರುಮನೆಗೆ ಬಿದ್ದ ಆ ಸಹೋದರರು ಈಗ ಮತ್ತೆ ಮರ ಏರುತ್ತಿದ್ದಾರೆ, ಹುಡುಗನೊಂದಿಗೆ. ಅವರೇ ಆರಿಸಿಕೊಟ್ಟ ಒಂದು ಸೊಂಟಪಟ್ಟಿ ಮತ್ತು ಹಗ್ಗವನ್ನು ಗುರುಮನೆಯ ಜಗುಲಿಯ ಗೂಟಕ್ಕೆ ತೂಗುಹಾಕಿದ್ದೇವೆ. ಯಾವ ಮನೆಯವರಾದರೂ, ಯಾವ ಮತದವರಾದರೂ ಒಯ್ಯಬಹುದು, ಬಾಡಿಗೆಯಿಲ್ಲ. ಸಂಜೆಯೊಳಗೆ ತಂದು ಅದೇ ಗೂಟಕ್ಕೆ ಹಾಕಬೇಕು. ಕಳೆದ ತಿಂಗಳು ಒಯ್ದವರು ಇನ್ನೂ ತಂದಿಲ್ಲ. ಹುಣಸೆ ಬಡಿಯುವ ಕಾಲ ಬಂದಿದೆ, ದಯವಿಟ್ಟು ತಂದಿಡಿ.